ಬಿಡು ಅನ್ನಬೇಡ

ಸೇತ್ ಆರ್ಮರಾಡ್ ಯುದ್ಧದಿಂದ ಮರಳಿದಾಗ ಅವನ ಕಾಲುಗಳಿಗೆ ಏನೂ ಆಗಿರಲಿಲ್ಲ. ನಮ್ಮ ಫುಟ್‌ಬಾಲ್ ತಂಡದಲ್ಲಿ ಗೋಲಿನ ಮುಂದೆ ನಿಂತು ಕಾಯುವ ಅವನಂಥ ಬ್ಯಾಕ್ ಮತ್ತೊಬ್ಬನಿರಲಿಲ್ಲ. ಆದರೆ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಹೊರುತ್ತಿದ್ದಾಗ ಶೆಲ್ ಬಿದ್ದು ಒಂದಿಡೀ ದಿನ ಮಣ್ಣಿನಡಿ ಇದ್ದವನು, ಕಲ್ಲಿದ್ದಲು ಗಣಿಗೆ ಇಳಿಯಲಾರ. ನಮ್ಮೂರಿನಲ್ಲಿ ಗಣಿ ಬಿಟ್ಟರೆ ಸಂಬಳ ಸಿಗುವುದು ಫುಟ್‌ಬಾಲಿನಿಂದ ಮಾತ್ರ. ಶನಿವಾರ ಚೆನ್ನಾಗಿ ಆಡಿದರೆ ಕರಾರು ಎಂದು ಕ್ಲಬ್ಬಿನ ಯಜಮಾನ ಪಿಲ್ಲಿಂಗ್ ಹೇಳಿದ್ದ.

ಶನಿವಾರ ಆಟಕ್ಕೆ ಬಟ್ಟೆ ಬದಲಿಸುವಾಗ ಸೇತ್ ನಮ್ಮ ಗೋಲ್‌ಕೀಪರನ ಪಕ್ಕ ಕೂತ.

"ಜೇಬೆಜ್, ಚೆಂಡು ಹಿಡಿಯೋಕೆ ಬರುವಾಗ ನಂಗೆ 'ಬಿಡು' ಅಂತ ಕೂಗ್ಬೇಡಪ್ಪ."

"ಮತ್ತೇನನ್ನಲಿ? ಸ್ವಾಮಿ, ದಯಮಾಡಿ ಪಕ್ಕಕ್ಕೆ ಸರೀರಿ ಅನ್ಲಾ?"

ನಾವೆಲ್ಲ ನಕ್ಕೆವು. ಸೇತ್ ನಗಲಿಲ್ಲ.

"ನನ್ನ ಹೆಸರು ಕೂಗು, ಸಾಕು. ಯುದ್ಧದಲ್ಲಿ ಆಫೀಸರು ಹಂಗೇ ಅಂತಿದ್ದ. ಬಿಡು ಅವನ್ನ, ಮುಂದೆ ನಡಿ ಅಂತ. ಉಸಿರಾಡ್ತಿರೋರನ್ನ ಕೆಸರಲ್ಲಿ ಬಿಟ್ಟು ಬಂದಿದೀನಿ ಕಣೋ."

ಜೇಬೆಜ್ ಬೂಟಿನ ದಾರ ಬಿಗಿಯುತ್ತ, "ಆಯ್ತು ಬಿಡು," ಎಂದ. ಎಂದವನೇ ನಾಲಿಗೆ ಕಚ್ಚಿಕೊಂಡ.

ಸೇತ್ ಅಂದು ಗೋಡೆಯಂತೆ ಆಡಿದ. ಪಿಲ್ಲಿಂಗ್ ಚುಟ್ಟಾ ಹಚ್ಚಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಆಟ ಮುಗಿಯುತ್ತ ಬಂದಿತ್ತು, ಇನ್ನೂ ಸಮಸಮ. ಮೂಲೆಯಿಂದ ಚೆಂಡು ಎತ್ತರಕ್ಕೆ ಹಾರಿ ಬಂತು. ಸೇತ್ ಅದರ ಕೆಳಗೆ ಸರಿಯಾಗಿ ನಿಂತಿದ್ದ. ಜೇಬೆಜ್ ಓಡಿ ಬಂದ. ಅವನ ಬಾಯಿ ಇಪ್ಪತ್ತು ವರ್ಷದ ರೂಢಿಯನ್ನೇ ಕೂಗಿತು: "ಬಿಡು!"

ಸೇತ್ ಬಿಟ್ಟ. ಜೇಬೆಜ್‌ಗೆ ಚೆಂಡು ಸಿಗಲಿಲ್ಲ; ಎದುರು ತಂಡದಲ್ಲಿ ಅಂಚಿನಲ್ಲಿ ಓಡಿ ಆಡುವ ಸಣಕಲು ವಿಂಗರನಿಗೆ ಡಿಕ್ಕಿ ಹೊಡೆದ. ಆ ಹುಡುಗ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದ. ಚೆಂಡು ಪಕ್ಕದಲ್ಲೇ ಉರುಳುತ್ತಿತ್ತು. ಒಮ್ಮೆ ಒದ್ದಿದ್ದರೆ ಸಾಕಿತ್ತು. ಸೇತ್ ಬಗ್ಗಿದ, ಹುಡುಗನನ್ನು ಹೆಗಲಿಗೆ ಹಾಕಿಕೊಂಡ, ನಡೆದ. ಹಿಂದೆ ಯಾರೋ ಗೋಲು ಹೊಡೆದರು.

"ಲೇ ಸೇತ್, ಮನೆಗೊಯ್ದು ಬೇಯಿಸ್ಕೊಂಡು ತಿಂತೀಯೇನೋ?" ಜನ ಬಿದ್ದು ಬಿದ್ದು ನಕ್ಕರು.

"ಇಳಿಸಣ್ಣ, ನಂಗೇನೂ ಆಗಿಲ್ಲ," ಎಂದ ವಿಂಗರ್.

"ಮಾತಾಡ್ಬೇಡ. ಉಸಿರು ಉಳಿಸ್ಕೋ."

ಸೇತ್ ಮೈದಾನದ ಗೆರೆ ದಾಟಿ, ಜನರ ನಡುವೆ ಹೊಕ್ಕ. ಯುದ್ಧದಿಂದ ಬಂದವರು ನಗಲಿಲ್ಲ, ದಾರಿ ಕೊಟ್ಟರು. ಗೇಟಿನಾಚೆ ಹಾಲಿನ ಗಾಡಿಯ ಮೇಲೆ ಹುಡುಗನನ್ನು ಮಲಗಿಸಿ, ಅವನ ಬಾಯಿಯ ಕೆಸರನ್ನು ಬೆರಳಿನಿಂದ ತೆಗೆಯತೊಡಗಿದ.

ಆಟ ಮುಗಿದ ಮೇಲೆ ಪಿಲ್ಲಿಂಗ್ ಟೋಪಿ ಹಾಕಿಕೊಂಡ. "ಒಳ್ಳೆ ಮನುಷ್ಯ, ಪಾಪ," ಎಂದ ನನಗೆ. "ಆದ್ರೆ ಜನ ದುಡ್ಡು ಕೊಡೋದು ಆಟ ನೋಡೋಕೆ ಕಣಯ್ಯ."

ಸೋಮವಾರ ಬೆಳಿಗ್ಗೆ ಸೇತ್ ಗಣಿಯ ಬಾಯಿಗೆ ಬಂದ. ದೀಪ ಕೊಟ್ಟರು. ಕೆಳಗಿಳಿಸುವ ಪಂಜರದಲ್ಲಿ ನಾವು ಅವನನ್ನು ನಡುವೆ ನಿಲ್ಲಿಸಿಕೊಂಡೆವು. ಯಾರೂ ತಮಾಷೆ ಮಾಡಲಿಲ್ಲ. ಪಂಜರದ ಬಾಗಿಲಿಗೆ ಸರಳು ಬಿದ್ದ ಸದ್ದಿಗೆ ಅವನು ನನ್ನ ತೋಳನ್ನು ಹಿಡಿದ. ಪಂಜರ ಇಳಿದು, ನೆಲ ನಮ್ಮ ತಲೆಯ ಮೇಲಕ್ಕೆ ಸರಿಯುವವರೆಗೂ ಕೂಗಲಿಲ್ಲ.