ಉಂಬರ ಮತ್ತು ಉಂಬರಾ

ಉದಗೀರದ ಹಳೆಯ ನಿಜಾಮಶಾಹಿ ಮುಸಾಫಿರಖಾನೆಯನ್ನು ದುರಸ್ತಿ ಮಾಡಿ ಹೋಟೆಲು ಮಾಡುತ್ತಿದ್ದರು. ಒಳಗೆ ಬಂದವರಿಗೆ ಎದುರಾಗುವ ಗೋಡೆಯ ಮೇಲೆ ಕಟ್ಟಿಗೆಯಲ್ಲಿ ಕೆತ್ತಿದ ಒಂದು ಕಾಡು ಬೇಕಾಗಿತ್ತು. ನಿಲಂಗಾದಲ್ಲಿ ಬಡಗಿ ಕೆಲಸ ಕಲಿತ ನನಗೆ ಅದು ಮೊದಲ ದೊಡ್ಡ ಕೆಲಸ. ನಕ್ಷೆ ಪುಣೆಯ ಪ್ರಣಿತಾ ಮೇಡಂ ಅವರದು. ಒಂದು ದಿನ ಫೋನಿನಲ್ಲಿ ಹೇಳಿದರು: "ಮಧೋಮಧ ಏಕ ಜುನಾ ಉಂಬರ ಪಾಹಿಜೆ."

ಮರಾಠಿಯಲ್ಲಿ ಹೊಸ್ತಿಲಿಗೆ ಉಂಬರಾ ಅನ್ನುತ್ತಾರೆ. ಕಾಡಿನ ನಟ್ಟನಡುವೆ ಒಂದು ಹಳೆಯ ಹೊಸ್ತಿಲು. ಪುಣೆಯವರ ಕಲೆ ಹೀಗೇ ಇರಬೇಕು ಎಂದುಕೊಂಡೆ. ತಿರುಗಿ ಕೇಳಿದರೆ ಇವನಿಗೆ ಮರಾಠಿ ಬರುವುದಿಲ್ಲ ಅಂದಾರು ಎಂದು ಕೇಳಲಿಲ್ಲ.

ಹಳೆಯ ಹೊಸ್ತಿಲು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಸಾಸ್ತೂರಿನಲ್ಲಿ, ನನ್ನ ದೊಡ್ಡವ್ವ ರಂಭಾಬಾಯಿಯ ಮನೆಯಲ್ಲಿ. ತೊಂಬತ್ಮೂರರ ಭೂಕಂಪದಲ್ಲಿ ಅವಳ ಗಂಡ ಮತ್ತು ಮಗಳು ಕಲ್ಲಿನಡಿ ಸತ್ತರು. ಬಿದ್ದ ಮನೆಯಿಂದ ಅವಳು ತಂದಿಟ್ಟುಕೊಂಡದ್ದು ಆ ತೇಗದ ಹೊಸ್ತಿಲೊಂದೇ. ಸರಕಾರ ಕಟ್ಟಿಕೊಟ್ಟ ಮನೆಗೆ ಕಬ್ಬಿಣದ ಬಾಗಿಲು, ಅದಕ್ಕೆ ಹೊಸ್ತಿಲೇ ಇಲ್ಲ. ಇಪ್ಪತ್ತು ವರ್ಷ ಅದು ಗೋಡೆಗೆ ಒರಗಿ ನಿಂತಿತ್ತು. ಸೋಮವಾರಕ್ಕೊಮ್ಮೆ ಅವಳು ಅದಕ್ಕೆ ವಿಭೂತಿ ಹಚ್ಚುತ್ತಿದ್ದಳು.

"ಗೋಡಿಗಿ ಹೊಸ್ತಿಲಾ? ಆ ಹೆಣ್ಮಗಳಿಗಿ ತಲಿ ಕೆಟ್ಟದೇನು?" ಅಂದಳು.

"ಇದ್ದಂಗ ಕೂಡಸ್ತೀವಿ, ದೊಡ್ಡವ್ವ. ಯಾರೂ ತುಳ್ಯಂಗಿಲ್ಲ. ಬಂದವರೆಲ್ಲಾ ನೋಡ್ತಾರ."

ಎರಡನೆಯ ದಿನ ಒಪ್ಪಿದಳು. "ಕೊಯ್ಯಬ್ಯಾಡ ನೋಡು, ಗುರುಲಿಂಗ. ಹೊಂದಲಿಲ್ಲಂದ್ರ ತಿರುಗಿ ತಂದಿಡು."

"ತರ್ತೀನಿ" ಅಂದೆ.

ಮುಂದಿನ ವಾರ ಪ್ರಣಿತಾ ಮೇಡಂ ಬಂದು ಹೊಸ್ತಿಲು ನೋಡಿ ನಕ್ಕರು. "ಅರೇ, ಉಂಬರಾ ನಾಹೀ, ಉಂಬರ! ಝಾಡ!" ಅವರು ಕೇಳಿದ್ದು ಅತ್ತಿಮರ.

"ನಾಳಿ ಇಂವಗ ಖುರ್ಚಿ ಮಾಡು ಅಂದ್ರ ಕಳೆ ತೆಗಿಯೋ ಖುರ್ಪಿ ಮಾಡ್ತಾನ್ರೀ" ಅಂದ ನಮ್ಮ ಮಾಲೀಕ ಬಕ್ಕಪ್ಪ. ಕೆಲಸದವರೆಲ್ಲ ನಕ್ಕರು. ನಾನೂ ನಕ್ಕೆ.

ಮೇಡಂ ಹೊಸ್ತಿಲನ್ನು ಬೆರಳಿನಿಂದ ತಟ್ಟಿ, ಇದರಲ್ಲೇ ಮರದ ಬೊಡ್ಡೆ ಚೆನ್ನಾಗಿ ಬರುತ್ತದೆ ಅಂದರು. ಇದು ತಿರುಗಿ ಕೊಡಬೇಕಾದದ್ದು ಎನ್ನಲು ಒಂದು ಮಾತು ಸಾಕಿತ್ತು. ಮತ್ತೊಮ್ಮೆ ನಗುತ್ತಾರೆಂದು ಬಾಯಿ ತೆರೆಯಲಿಲ್ಲ. ಊಟಕ್ಕೆ ಮುಂಚೆ ಕೊಯ್ದು ಮುಗಿಸಿದೆ. ಬೊಡ್ಡೆ ಚೆನ್ನಾಗಿಯೇ ಬಂತು. ಅದರ ಮೈತುಂಬ ಅತ್ತಿಹಣ್ಣಿನ ಗೊಂಚಲು ಕೆತ್ತಿದೆ. ಎಲ್ಲರೂ ಹೊಗಳಿದರು. ಹೊಗಳಿಕೆ ನನಗೆ ಹಿತವಾಗಿಯೂ ಇತ್ತು.

ದೊಡ್ಡವ್ವ ಫೋನು ಮಾಡಿದಾಗೆಲ್ಲ "ಚಲೋ ಕೂತದ" ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಹೇಳದೆ ಕೇಳದೆ ಬಂದಳು, ಉಮರ್ಗಾ ಮತ್ತು ನಿಲಂಗಾದಲ್ಲಿ ಬಸ್ಸು ಬದಲಿಸಿ. ಗೋಡೆಯ ಮುಂದೆ ನಿಂತು ಕಾಡಿನ ಬುಡವನ್ನೆಲ್ಲ ಹುಡುಕಿದಳು. ಹೊಸ್ತಿಲು ಕೆಳಗೇ ಇರಬೇಕಲ್ಲ.

"ಎಲ್ಲಿ ಅದಪಾ?"

ಒಳಗಿನ ಕೋಣೆಯಲ್ಲಿದೆ, ಬೀಗ ಹಾಕಿದ್ದಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಕೊಯ್ದೀನಿ, ದೊಡ್ಡವ್ವ. ಆ ಬೊಡ್ಡಿ ಅದರದೇ."

ಅವಳು ಬೊಡ್ಡೆಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಒಳಗ ಹುಳಾ ಹತ್ತಿತ್ತೇನು?"

"ಇಲ್ಲ. ಗಟ್ಟಿ ಇತ್ತು."

"ಉಳದ ತುಂಡು?"

"ಚಹಾದ ಒಲಿಗಿ ಹಾಕಿದ್ರು."

"ನೀನೂ ಕುಡದಿ?"

"ಕುಡದೆ."

ನಿಲಂಗಾದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ಹೇಳಿದೆ. ಸ್ಟ್ಯಾಂಡಿನವರೆಗೆ ಅವಳ ಹಿಂದೆ ನಡೆದೆ. ಬಸ್ಸು ಹತ್ತುವಾಗ ಚೀಲ ಹಿಡಿದುಕೊಳ್ಳಲು ಕೈ ಚಾಚಿದೆ. ಅವಳು ಅದನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹತ್ತಿದಳು.