ಎರಡೂವರೆ ಗಂಟೆ ಮುಂದೆ ಓಡಿದ ವಾಚು

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟಿದ್ದ ಖುರ್ಷಿದ್ ಪಾಷಾನ ತಾಯಿ ಜೈನಬ್ ಬೀ, ೧೯೮೨ರಲ್ಲಿ ತಮ್ಮನಾದ ಇಸಾಕ್ ಸಾಬರ ಜೊತೆ ಹಜ್‌ಗೆ ಹೋದರು. ಬೊಂಬಾಯಿಯಿಂದ ಜೆಡ್ಡಾಕ್ಕೆ ವಿಮಾನ. ಆ ಮನೆತನದಲ್ಲಿ ವಿಮಾನ ಹತ್ತಿದವರು ಅವರಿಬ್ಬರೇ ಮೊದಲು. ಹೊರಡುವ ಮುಂಚೆ ಪಾಷಾ ತಾಯಿಯ ವಾಚನ್ನು ಬಿಚ್ಚಿ, ಎಣ್ಣೆ ಬಿಟ್ಟು, ರೇಡಿಯೊ ಸಮಯಕ್ಕೆ ಸರಿಮಾಡಿ ಕೈಗೆ ಕಟ್ಟಿದ್ದ.

ಹದಿನೆಂಟು ದಿನದ ಮೇಲೆ ಇಸಾಕ್ ಸಾಬರ ಕಾಗದ ಬಂತು. ಬೆಳಿಗ್ಗೆ ಹತ್ತಕ್ಕೆ ಹೊರಟು ಹನ್ನೆರಡೂವರೆಗೆ ಇಳಿದೆವು, ಎಲ್ಲರೂ ಕ್ಷೇಮ ಎಂದು ಬರೆದಿದ್ದರು. ಕೊನೆಗೊಂದು ಸಾಲು: ‘ನೀನು ರಿಪೇರಿ ಮಾಡಿದ ವಾಚು ಕೆಟ್ಟಿದೆ ಅಂತ ನಿಮ್ಮಮ್ಮ ಹೇಳುತ್ತಾಳೆ. ಇಳಿದಾಗ ಅದರಲ್ಲಿ ಮೂರು ಗಂಟೆಯಾಗಿತ್ತು.’

ಪಾಷಾನಿಗೆ ಅವತ್ತು ಊಟ ಸೇರಲಿಲ್ಲ. ದಿನಕ್ಕೆ ಐದು ನಿಮಿಷ ಮುಂದೆ ಓಡುವ ವಾಚುಗಳನ್ನು ಅವನು ನೋಡಿದ್ದ. ಒಂದೇ ಪ್ರಯಾಣದಲ್ಲಿ ಎರಡೂವರೆ ಗಂಟೆ ಓಡಿದ್ದನ್ನು ಕೇಳಿಯೂ ಇರಲಿಲ್ಲ. ಸಂಜೆ ಕಾಗದ ಹಿಡಿದು, ಹಿಂದಿನ ಬೀದಿಯಲ್ಲಿದ್ದ ಭೂಗೋಳದ ನಿವೃತ್ತ ಮೇಷ್ಟ್ರು ರೇವಣಸಿದ್ದಯ್ಯನವರ ಮನೆಗೆ ಹೋಗಿ ಓದಿ ಹೇಳಿದ.

“ಮೇಷ್ಟ್ರೇ, ಬೊಂಬಾಯಿಂದ ಜೆಡ್ಡಾ ಎಷ್ಟು ದೂರ?”

ಮೇಷ್ಟ್ರು ಬೀರುವಿನ ಮೇಲಿದ್ದ ಗ್ಲೋಬು ಇಳಿಸಿ ಧೂಳು ಒರೆಸಿದರು. ನೂಲಿನ ಎಳೆಯೊಂದನ್ನು ಎರಡೂ ಊರುಗಳ ನಡುವೆ ಎಳೆದು ಹಿಡಿದು, ಅದೇ ಅಳತೆಯಲ್ಲಿ ಭೂಮಧ್ಯರೇಖೆಯ ಸುತ್ತಳತೆ ನೋಡಿ ಲೆಕ್ಕ ಹಾಕಿದರು.

“ಮೂರೂವರೆ ಸಾವಿರ ಕಿಲೋಮೀಟರ್ ಆಗ್ಬೋದು ಕಣಪ್ಪ.”

“ಎರಡೂವರೆ ಗಂಟೇಲಿ ಹೋಗವ್ರೆ.”

“ಅಂದ್ರೆ ಗಂಟೆಗೆ ಸಾವಿರದ ನಾನೂರು. ಆ ವಿಮಾನ ಅಷ್ಟು ಓಡಲ್ಲ. ಏನಿಲ್ಲಾ ಅಂದ್ರೂ ಐದು ಗಂಟೆ ಬೇಕು.” ಮೇಷ್ಟ್ರು ನೂಲು ಕೆಳಗಿಟ್ಟು, “ವಾಚಲ್ಲಿ ಎಷ್ಟಾಗಿತ್ತು ಅಂದೆ?” ಎಂದರು.

“ಮೂರು.”

“ಹತ್ತರಿಂದ ಮೂರು. ಐದು ಗಂಟೆ ಆಯ್ತಲ್ಲ. ನಿನ್ನ ವಾಚೇ ಸರಿಯಾಗಿದೆ ಕಣೋ. ಅದು ತುಮಕೂರಿನ ಟೈಮ್ ತೋರಿಸ್ತಾ ಇದೆ. ಸೂರ್ಯ ಅಲ್ಲಿಗೆ ತಡವಾಗಿ ಹೋಗ್ತಾನೆ, ಅದಕ್ಕೇ ಅವರ ಗಡಿಯಾರ ಎರಡೂವರೆ ಗಂಟೆ ಹಿಂದೆ.”

ಪಾಷಾ ಗ್ಲೋಬನ್ನೇ ನೋಡುತ್ತಾ ಕುಳಿತ. ಹದಿನಾರು ವರ್ಷದಿಂದ ಊರಿನವರ ಗಡಿಯಾರಗಳನ್ನೆಲ್ಲ ಒಂದೇ ಸಮಯಕ್ಕೆ ತಿರುಗಿಸಿಟ್ಟಿದ್ದ. ಇನ್ನೊಂದು ಊರಿನಲ್ಲಿ ಬೇರೆ ಸಮಯವೇ ಸರಿ ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಮನೆಗೆ ಬಂದವನೇ ಸುಖವಾಗಿ ಉಂಡ.

ಜೈನಬ್ ಬೀ ಹಿಂತಿರುಗಿದ ಮೇಲೆ ಮಗ ಎಲ್ಲವನ್ನೂ ಬಿಡಿಸಿ ಹೇಳಿದ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಮಾರನೇ ದಿನ ಖರ್ಜೂರ, ಮೆಕ್ಕಾದ ಪವಿತ್ರ ಜಮ್‌ಜಮ್ ನೀರು ತೆಗೆದುಕೊಂಡು ತಾವೇ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರ ಹೆಂಡತಿ ಗಂಗಾಂಬಿಕೆ ಗ್ಲೋಬು ತಂದು ಚಾಪೆಯ ಮೇಲಿಟ್ಟರು.

“ನೀವು ಹೋಗಿದ್ದು ಎಲ್ಲಿಗೆ ಅಕ್ಕ? ತೋರ್ಸಿ.”

ಮೇಷ್ಟ್ರು ತೋರಿಸಿದ ಜಾಗದ ಮೇಲೆ ಇಬ್ಬರೂ ಬೆರಳಿಟ್ಟರು. ಹೋಗುವಾಗ ಬಿಸಿಲು ಮುಗಿಯಲೇ ಇಲ್ಲವೆಂದೂ, ಬರುವಾಗ ಮಧ್ಯಾಹ್ನ ಹೊರಟರೆ ನೋಡನೋಡುತ್ತ ಕತ್ತಲಾಯಿತೆಂದೂ ಜೈನಬ್ ಬೀ ಹೇಳಿದರು. ಗಂಗಾಂಬಿಕೆ ಗ್ಲೋಬನ್ನು ಮೆಲ್ಲಗೆ ತಿರುಗಿಸಿದರು. ಜೈನಬ್ ಬೀಯ ಬೆರಳು ಊರು ದಾಟಿ, ನಾಡು ದಾಟಿ, ಸಮುದ್ರದ ನೀಲಿಯ ಮೇಲೆ ಹೋಗಿ ನಿಂತಿತು.

“ಮೇಷ್ಟ್ರೇ, ಇಲ್ಲಿ ಯಾರೂ ಇಲ್ವಲ್ಲ. ಇಲ್ಲೂ ಟೈಮ್ ಇರುತ್ತಾ?”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವರ ಪಕ್ಕದಲ್ಲಿ ಕುಳಿತರು.