ತಾರಸಿಯ ತಂತಿಬೇಲಿ

ಅಪ್ಪ ಬಿಟ್ಟುಹೋದ ಕಟ್ಟಡದ ತಾರಸಿಯನ್ನು ಅಕ್ಕ, ತಮ್ಮ ಇಬ್ಬರೂ ಪಾಲು ಮಾಡಿಕೊಂಡಾಗ ನಡುವೆ ಒಂದು ತಂತಿಬೇಲಿ ಬಂತು. ಅದರ ಒಂದು ತುದಿ ಅಕ್ಕ ನಡೆಸುವ ಆಂಬುಲೆನ್ಸ್ ಸೇವೆಯ ರೇಡಿಯೋ ಕಂಬಕ್ಕೆ, ಇನ್ನೊಂದು ತಮ್ಮ ನಡೆಸುವ ಟ್ಯಾಕ್ಸಿ ಸೇವೆಯ ರೇಡಿಯೋ ಕಂಬಕ್ಕೆ. ಇಬ್ಬರೂ ಸೇರಿಯೇ ಬಿಗಿದರು. ಅವರು ಒಟ್ಟಿಗೆ ಮಾಡಿದ ಕೊನೆಯ ಘನಕಾರ್ಯ ಅದು. ಆಮೇಲೆ ಮಾತು ಬಿಟ್ಟರು.

ಅಕ್ಕನ ರೇಡಿಯೋ ಮಾತಾಡುತ್ತಲೇ ಕೇಳಲೂ ಆಗುವಂಥದ್ದು. ಈಚೆಗೆ ಅದರಲ್ಲಿ ಚಾಲಕರ ದನಿ ಕರಕರ ಸದ್ದಿನಲ್ಲಿ ಮುಳುಗತೊಡಗಿತು. ತಮ್ಮನದೇ ಕಿತಾಪತಿ ಎಂದು ಅವಳು ಊರಿಗೆಲ್ಲ ಸಾರಿದಳು. ಬೇಡದ ಸದ್ದು ಸೋಸುವ ದುಬಾರಿ ಫಿಲ್ಟರ್ ಹಾಕಿಸಿದಳು. ಜಪ್ಪಯ್ಯ ಅಂದರೂ ಸದ್ದು ಹೋಗಲಿಲ್ಲ. ನಿನ್ನೆ ಹೆರಿಗೆ ನೋವಿನ ಹೆಂಗಸನ್ನು ಕರೆತರುತ್ತಿದ್ದ ಚಾಲಕ, ಯಾವ ಆಸ್ಪತ್ರೆಗೆ ಹೋಗಲಿ ಎಂದು ಕೂಗಿದ್ದು ಇವಳಿಗೆ ಕೇಳಿಸಲೇ ಇಲ್ಲ. ತಾಯಿ ಮಗು ಬದುಕಿದ್ದೇ ಪುಣ್ಯ. ಇನ್ನೊಮ್ಮೆ ಹೀಗಾದರೆ ಒಂದು ಜೀವ ಹೋಗುತ್ತದೆ ಎಂಬ ಭಯಕ್ಕೆ ಅಕ್ಕನಿಗೆ ಊಟ ಸೇರಲಿಲ್ಲ.

ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ತಾನು ಮೈಕ್ ಒತ್ತಿರುವಾಗಲೇ ಗೋಡೆಯಾಚೆ ತಮ್ಮನೂ ಮೈಕಿನಲ್ಲಿ ಮಾತಾಡುವುದು ಕೇಳಿದರೆ ಮಾತ್ರ ಈ ಸದ್ದು. ಗಾಳಿ ಬೀಸಿದರೆ ಇನ್ನೂ ಜೋರು. ಹಾಗಾದರೆ ಅದು ತಾರಸಿಯ ಮೇಲೆ ಎಲ್ಲೋ ಹುಟ್ಟುತ್ತಿರಬೇಕು. ಬಿಗುಮಾನ ಬದಿಗಿಟ್ಟು ತಮ್ಮನ ಬಾಗಿಲು ತಟ್ಟಿದಳು.

“ಲೋ, ನಿನ್ನ ಮೈಕಿನ ಗುಂಡಿ ಒತ್ತಿ ರಬ್ಬರ್ ಬ್ಯಾಂಡ್ ಸುತ್ತು. ನಾನೂ ಸುತ್ತಿದೀನಿ. ತಾರಸಿಗೆ ಬಾ.”

“ಈಗ ಇನ್ನೇನು ತಪ್ಪು ಹೊರಿಸ್ತೀಯಾ?” ಗೊಣಗಿಕೊಂಡೇ ಬಂದ.

ಬೇರೆ ಚಾಲಕರಿಗೆಲ್ಲ ಸ್ವಲ್ಪ ಹೊತ್ತು ಫೋನಿನಲ್ಲೇ ಮಾತಾಡಿ ಎಂದು ಹೇಳಿ, ರಜೆಯಲ್ಲಿದ್ದ ಒಬ್ಬನನ್ನು ಗಾಡಿಯಲ್ಲಿ ಕೂರಿಸಿ ರೇಡಿಯೋದಲ್ಲಿ ಒಂದರಿಂದ ಎಣಿಸಲು ಹಚ್ಚಿದ್ದಳು. ಅವಳ ಕೈಲಿದ್ದ, ಕೇಳಲಷ್ಟೇ ಬರುವ ಪುಟ್ಟ ರೇಡಿಯೋದಲ್ಲಿ ಬರೀ ಕರಕರ. ಮರದ ಕೋಲಿನಿಂದ ಕಬ್ಬಿಣದ ಏಣಿ ಒತ್ತಿ ನೋಡಿದಳು, ನೀರಿನ ಕೊಳವೆ ಒತ್ತಿದಳು. ಕೊನೆಗೆ ಬೇಲಿ ತಂತಿಯ ತುಕ್ಕು ಹಿಡಿದ ಗಂಟು ಒತ್ತಿದಳು.

“...ಮೂವತ್ತೊಂದು, ಮೂವತ್ತೆರಡು...”

ಕೋಲು ತೆಗೆದಳು, ಮತ್ತೆ ಕರಕರ. ಇಬ್ಬರ ರೇಡಿಯೋ ಅಲೆಗಳೂ ಆ ತುಕ್ಕಿನಲ್ಲಿ ಬೆರೆತು, ಅವಳು ಆಲಿಸುವ ಚಾನೆಲ್ಲಿಗೇ ಹೊಸದೊಂದು ಸದ್ದು ಹುಟ್ಟಿಸುತ್ತಿದ್ದವು. ಚಾಲಕನ ದನಿ ಬರುವ ದಾರಿಯಲ್ಲೇ ಬರುವ ಸದ್ದನ್ನು ಯಾವ ಫಿಲ್ಟರ್ ತಡೆದೀತು?

“ಈ ಗಂಟು ಹಾಕಿದ್ಯಾರು?” ತಮ್ಮ ಮೆಲ್ಲಗೆ ಕೇಳಿದ.

“ನಾನು ಹಿಡ್ಕೊಂಡಿದ್ದೆ, ನೀನು ತಿರುಚಿದ್ದೆ. ಸುಮ್ನೆ ನಿನ್ನ ಬೈದ್ನಲ್ಲೋ.”

ಅವನು ಹೋಗಿ ಇಕ್ಕಳ ತಂದ. ತನ್ನ ತುದಿ ಕತ್ತರಿಸಿ ಇಕ್ಕಳವನ್ನು ಅವಳ ಕೈಗೆ ಕೊಟ್ಟ. ಅವಳು ತನ್ನ ತುದಿ ಕತ್ತರಿಸಿದಳು.

“...ತೊಂಬತ್ತೊಂಬತ್ತು, ನೂರು. ಅಕ್ಕಾ, ಕೇಳಿಸ್ತಿದೆಯಾ? ಇನ್ನೊಂದ್ಸಲ ಎಣಿಸ್ಲಾ?”

ಸಾಕು ಎನ್ನಲು ಕೆಳಗಿಳಿದು ಮೈಕ್ ಹಿಡಿಯಬೇಕಿತ್ತು. ಅಕ್ಕ ಅಲ್ಲೇ ಕೂತು ಅಳುತ್ತಿದ್ದಳು. ಬೇಲಿ ಇದ್ದ ಜಾಗ ದಾಟಿ ತಮ್ಮ ಬಂದು ಪಕ್ಕದಲ್ಲಿ ಕೂತ. ಪಾಪ, ಆ ಚಾಲಕ ಮತ್ತೆ ಒಂದರಿಂದ ಶುರು ಮಾಡಿದ.